ಹಿಂಬದಿ ಮುಚ್ಚಿದ ಕೆಂಪಿನೋಲೆ

ಅಕ್ಕನನ್ನು ಕುರುಗೋಡಿಗೆ ಕೊಟ್ಟಿದ್ದರು. ಭಾವ ಲಾರಿ ಓಡಿಸುತ್ತಿದ್ದ. ಮಗಳು ಶಾಲೆಗೆ ಸೇರುವ ಮೊದಲೇ ಕಾಮಾಲೆಯಾಗಿ ತೀರಿಕೊಂಡ. ಆಮೇಲೆ ಅಕ್ಕ ಸ್ಟೀಲ್ ಪಾತ್ರೆಯ ವ್ಯಾಪಾರಕ್ಕೆ ಇಳಿದಳು. ಬಳ್ಳಾರಿಯಿಂದ ಡಬರಿ, ತಟ್ಟೆ, ಡಬ್ಬಿಗಳನ್ನು ಸಗಟಾಗಿ ತಂದು, ಬುಟ್ಟಿಯಲ್ಲಿ ಹೊತ್ತು, ಸಿರುಗುಪ್ಪದ ಕಡೆಯ ಊರುಗಳನ್ನು ತಿರುಗುತ್ತಿದ್ದಳು. ರೊಕ್ಕ ಕೊಟ್ಟು ಕೊಳ್ಳುವವರು ಕಡಿಮೆ. ಹಳೆಯ ಜರಿ ಸೀರೆ, ಸೀಳಿದ ತಾಮ್ರದ ಕೊಡ, ಮುರಿದ ಕಾಲುಂಗುರ, ಜೋಡಿ ಕಳೆದ ಒಂಟಿ ಓಲೆ, ಇಂಥವನ್ನು ಕೊಟ್ಟು ಹೆಂಗಸರು ಪಾತ್ರೆ ಒಯ್ಯುತ್ತಿದ್ದರು.

ಒಡವೆ ಜಾತಿಯದು ಏನೇ ಬರಲಿ, ಅಕ್ಕ ಅದನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಳ್ಳಾರಿಗೆ ನನ್ನ ಹತ್ತಿರ ಬರುತ್ತಿದ್ದಳು. ನಾನು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಬಜಾರಿನ ಹಿಂದಿನ ಓಣಿಯಲ್ಲಿ ಹರಳು ಕಟ್ಟುವ ಒಬ್ಬ ಮುದುಕರ ಹತ್ತಿರ ಕೆಲಸಕ್ಕೆ ಸೇರಿದವಳು. ಮೊದಮೊದಲು ಹರಳು ಒರೆಸಿ, ಬಣ್ಣ ಬಣ್ಣ ಬೇರೆ ಮಾಡಿ ಕೊಡುತ್ತಿದ್ದೆ. ಆಮೇಲೆ ಅವರು ನೋಡುವುದನ್ನು ಕಲಿಸಿದರು. ಗಾಜು ತುಟಿಗೆ ಹಚ್ಚಿದರೆ ಬೇಗ ಬೆಚ್ಚಗಾಗುತ್ತದೆ, ಕಲ್ಲು ತಣ್ಣಗೇ ಇರುತ್ತದೆ. ಹಳೆಯ ಗಾಜಿನ ಅಂಚು ಸವೆದು ದುಂಡಗಾಗಿರುತ್ತದೆ. ಮಷೀನಿನಲ್ಲಿ ಮಾಡಿದ ಕೆಂಪು ಹರಳಿನೊಳಗೆ ಬಾಗಿದ ಗೆರೆಗಳಿರುತ್ತವೆ. ಮಣ್ಣಿನಿಂದ ಬಂದದ್ದರೊಳಗೆ ರೇಷ್ಮೆಯಂಥ ಎಳೆ ಇರುತ್ತದೆ. ಹಳೆಯದೆಂದ ಮಾತ್ರಕ್ಕೆ ಅಸಲಿಯಲ್ಲ, ನೂರು ವರ್ಷದ ಹಿಂದೆಯೂ ನಕಲಿ ಮಾಡುತ್ತಿದ್ದರು ಎನ್ನುತ್ತಿದ್ದರು. ಅವರು ಒತ್ತಿ ಒತ್ತಿ ಹೇಳಿದ್ದು ಒಂದೇ ಮಾತು: ಹಳೆಯ ಓಲೆಗಳ ಹಿಂಬದಿ ಮುಚ್ಚಿರುತ್ತದೆ, ಅದನ್ನು ಬಿಚ್ಚದೆ ಬಾಯಿ ಬಿಡಬೇಡ.

ಅವರು ತೀರಿಕೊಂಡ ಮೇಲೆ ಬಂಗಾರದ ಅಂಗಡಿಯವರು ಬದಲಿಗೆ ಬಂದ ಹಳೆಯ ಒಡವೆಗಳನ್ನು ನನಗೇ ಕಳಿಸತೊಡಗಿದರು. ನಾನು ಹೇಳಿದ್ದು ಸುಳ್ಳಾಗುವುದಿಲ್ಲ ಎಂಬ ಹೆಸರಾಯಿತು. ಆ ಹೆಸರು ನನಗೆ ಎಷ್ಟು ಹಿಡಿಸಿತ್ತೆಂದರೆ, ಕಿಟಕಿಯ ಬೆಳಕಿಗೆ ಒಡವೆ ಹಿಡಿದು ಎರಡು ನಿಮಿಷದಲ್ಲಿ ಮಾತು ಮುಗಿಸುವುದೇ ಜಾಣತನ ಎಂದುಕೊಂಡಿದ್ದೆ.

ಒಂದು ಮಾಘದಲ್ಲಿ ಅಕ್ಕ ಬಂದು ಚೀಲದಿಂದ ಒಂದು ಜೊತೆ ಕೆಂಪಿನ ಬೆಂಡೋಲೆ ತೆಗೆದಳು. ಒಂದೊಂದಕ್ಕೆ ಒಂಬತ್ತು ಹರಳು, ನಡುವಿನದು ಸ್ವಲ್ಪ ದೊಡ್ಡದು. ಬಂಗಾರ ಕೈಕೆಲಸದ್ದು, ತಿರುಪು ಸವೆದಿತ್ತು. ಸಿರುಗುಪ್ಪದಲ್ಲಿ ಒಬ್ಬ ವಿಧವೆ ಕೊಟ್ಟದ್ದಂತೆ. ಅವಳ ಮಗಳನ್ನು ಕೊಳಗಲ್ಲಿಗೆ ಕೊಡುವುದು ಗೊತ್ತಾಗಿ, ಹುಡುಗಿಯ ಸಂಗಡ ಕಳಿಸಲು ಪಾತ್ರೆ ಬೇಕಾಗಿದ್ದವು. ಅಂಗಡಿಗೆ ಒಯ್ದರೆ ಹರಳಿನ ತೂಕ ಕಳೆದು, ಉಳಿದ ಚೂರು ಬಂಗಾರಕ್ಕಷ್ಟೇ ಬೆಲೆ ಕಟ್ಟಿದರಂತೆ. ಅದಕ್ಕಿಂತ ಪಾತ್ರೆಯೇ ವಾಸಿ ಎಂದು ಅವಳು ಅಕ್ಕನನ್ನು ಕರೆದಿದ್ದಳು. ಅಕ್ಕ ಎರಡು ಸಲ ಹೊತ್ತು, ಒಂದು ಸಂಸಾರಕ್ಕೆ ಬೇಕಾದಷ್ಟು ಪಾತ್ರೆ ಕೊಟ್ಟಿದ್ದಳು.

ನಾನು ಹಿಂಬದಿ ನೋಡಿದೆ. ಪೂರ್ತಿ ಮುಚ್ಚಿತ್ತು. ಬಿಚ್ಚಬೇಕು ಎಂದೆ. "ಬಿಚ್ಚಿದ್ರ ಹಳೇ ಕೆಲಸ ಕೆಡ್ತೈತಲ್ಲ? ನೀ ಹಂಗ ನೋಡಿ ಹೇಳು," ಅಂದಳು ಅಕ್ಕ. ಆಗ ಒಂದು ಅಂಗಡಿಯ ಗುಮಾಸ್ತ ಬೇರೆ ಒಡವೆ ತಂದು ನನ್ನ ಮುಂದೆ ಕೂತಿದ್ದ. ಅವನೆದುರು ತಿಳಿಯಲಿಲ್ಲ ಎನ್ನಲು ನನಗೆ ಆಗಲಿಲ್ಲ. ಭೂತಗನ್ನಡಿ ಕಣ್ಣಿಗಿಟ್ಟು, ಮೊಬೈಲಿನ ಟಾರ್ಚು ಹಿಡಿದು ಮೇಲಿನಿಂದ ನೋಡಿದೆ. ಹರಳಿನೊಳಗೆ ಸಣ್ಣ ಎಳೆಗಳಿದ್ದವು. ಬಾಗಿದ ಗೆರೆ ಇರಲಿಲ್ಲ. ತುಟಿಗೆ ಹಚ್ಚಿದರೆ ತಣ್ಣಗಿತ್ತು.

"ಅಸಲಿ ಐತಕ್ಕ," ಎಂದೆ. "ಬರ್ಮಾ ಕೆಂಪು. ಇನ್ನ ನೀನು ಬುಟ್ಟಿ ಹೊರೋದು ಬ್ಯಾಡ."

ಗುಮಾಸ್ತನೂ ಬಗ್ಗಿ ನೋಡಿ ತಲೆದೂಗಿದ. ಅಕ್ಕನಿಗೆ ಸಂತೋಷವಾದೀತೆಂದು ನಾನು ಕಾಯುತ್ತಿದ್ದೆ. ಅವಳು ಓಲೆಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು.

"ಹಂಗಾರ ಆಕಿಗೆ ನಾನು ಮೋಸ ಮಾಡಿದಂಗಾತು," ಅಂದಳು.

ವ್ಯಾಪಾರ ಎಂದರೆ ಹಾಗೇ ಇರುತ್ತದೆ, ಅವಳಿಗೂ ಗೊತ್ತಿರಲಿಲ್ಲ, ನಿನಗೂ ಗೊತ್ತಿರಲಿಲ್ಲ ಎಂದು ನಾನು ಹೇಳಿದೆ. ಅವಳು ಮಾರಿಕೊಡು ಎಂದು ಓಲೆಗಳನ್ನು ನನ್ನ ಕೈಗಿತ್ತು ಹೋದಳು.

ಮುಂದಿನ ವಾರ ಬಂದಾಗ ಅವಳ ಕೈ ಬರಿದಾಗಿತ್ತು. ನಮ್ಮವ್ವ ಸಾಯುವ ಮುಂಚೆ ಅವಳಿಗೆ ಹಾಕಿದ್ದ ಎರಡು ಬಂಗಾರದ ಬಳೆ ಇರಲಿಲ್ಲ. ಭಾವನ ಆಸ್ಪತ್ರೆಯ ಖರ್ಚಿನ ಕಾಲದಲ್ಲೂ ಅವಳು ಅವನ್ನು ಬಿಚ್ಚಿರಲಿಲ್ಲ. ಸಿರುಗುಪ್ಪಕ್ಕೆ ಹೋಗಿ ಆ ವಿಧವೆಗೆ ಕೊಟ್ಟು ಬಂದಿದ್ದಳು. ನನಗೆ ಸಿಟ್ಟು ಬಂತು. ಓಲೆ ಮಾರುವತನಕವಾದರೂ ತಡೆಯಬೇಕಿತ್ತು ಎಂದು ಜಗಳವಾಡಿದೆ. ಮದುವೆ ಅಷ್ಟರೊಳಗೆ ಆಗಿಹೋಗುತ್ತದೆ, ಆಮೇಲೆ ಕೊಟ್ಟು ಏನು ಬಂತು ಎಂದಳು. "ನೀ ಹೇಳೀದಿ ಅಂದ್ಮ್ಯಾಲೆ ಮುಗೀತಲ್ಲ," ಅಂತಲೂ ಅಂದಳು.

ಓಲೆ ಕೊಳ್ಳಲು ಒಪ್ಪಿದ ಅಂಗಡಿಯವರು, ಎಲ್ಲ ಅಂಗಡಿಯವರೂ ಕೇಳುವ ಹಾಗೆಯೇ, ಹರಳು ಬಿಚ್ಚಿ ತೋರಿಸಲು ಹೇಳಿದರು. ಬೇರೆಯವರ ಕೈಗೆ ಕೊಡದೆ ನಾನೇ ಬಿಚ್ಚಿದೆ. ಹಿಂದಿನ ತಗಡು ಎತ್ತಿ, ಒಳಗಿನ ಅರಗನ್ನು ಬಿಸಿ ಮಾಡಿ, ನಡುವಿನ ಹರಳನ್ನು ಚಿಮಟದಲ್ಲಿ ಹಿಡಿದು ಮಗ್ಗುಲಾಗಿಸಿದೆ. ಹಾಲಿನ ಮೇಲಿನ ಕೆನೆಯಷ್ಟು ದಪ್ಪಕ್ಕೆ ಒಂದು ಪದರ, ಅದರ ಕೆಳಗೆ ಒಂದು ಗೆರೆ, ಗೆರೆಯ ಉದ್ದಕ್ಕೂ ಸಾಸಿವೆಗಿಂತ ಸಣ್ಣ ಗುಳ್ಳೆಗಳು. ಕೆಳಗಿನದು ಕೆಂಪು ಗಾಜು. ಯಾವುದೋ ಅಗ್ಗದ ಕಲ್ಲಿನ ಚೂರನ್ನು ಗಾಜಿನ ಮೇಲೆ ಕೂಡಿಸಿ, ಒಂದೇ ಹರಳಿನಂತೆ ಸಾಣೆ ಹಿಡಿದಿದ್ದರು. ನಾನು ಮೇಲಿನಿಂದ ಕಂಡ ಎಳೆಗಳು ಆ ಚೂರಿನವು. ಗಾಜಿಗೆ ಕಳೆ ಬರಲೆಂದು ಅಡಿಯಲ್ಲಿ ಬೇಗಡೆಯ ತೆಳುವಾದ ಕೆಂಪು ಹಾಳೆ ಹಾಕಿದ್ದರು. ಬೇಗಡೆ ಈಗಲೂ ಹೊಸದರಂತೆ ಹೊಳೆಯುತ್ತಿತ್ತು.

ಒಂದು ಹೀಗಿದ್ದರೆ ಉಳಿದವು ಬೇರೆ ಇರಬಹುದೆಂದು ಒಂದೊಂದಾಗಿ ಎಲ್ಲ ಬಿಚ್ಚಿದೆ. ಹದಿನೆಂಟೂ ಹಾಗೇ ಇದ್ದವು. ಮಧ್ಯಾಹ್ನದ ಊಟಕ್ಕೆ ಏಳದೆ ಅವುಗಳ ಮುಂದೆ ಕೂತಿದ್ದೆ. ಇಂಥ ಜೋಡು ಹರಳನ್ನು ನಮ್ಮ ಮುದುಕರು ನನಗೆ ಎರಡು ಸಲ ತೋರಿಸಿದ್ದರು. ಗೊತ್ತಿಲ್ಲದ್ದೇನಲ್ಲ.

ಮರುದಿನ ಕುರುಗೋಡಿನ ಬಸ್ಸು ಹತ್ತಿದೆ. ಅಕ್ಕ ಮನೆಯ ಮುಂದಿನ ಕಟ್ಟೆಯ ಮೇಲೆ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟು ಹಗ್ಗ ಬಿಗಿಯುತ್ತಿದ್ದಳು. ನಿಂತೇ ಹೇಳಿದೆ. ಅವಳು ಹಗ್ಗದ ಗಂಟು ಪೂರ್ತಿ ಮಾಡಿ ನನ್ನ ಕಡೆ ನೋಡಿದಳು.

"ಮೊದ್ಲ ಬಿಚ್ಚಿದ್ರ ಗೊತ್ತಾಗ್ತಿತ್ತ?"

"ಗೊತ್ತಾಗ್ತಿತ್ತು."

"ಹೂಂ. ಒಳಗ ಬಾ, ಉಂಡು ಹೋಗು."

ಅವಳು ಬಿಚ್ಚಬೇಡ ಎಂದಿದ್ದಳು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಪುಣ್ಯಕ್ಕೆ ಆಡಲಿಲ್ಲ. ರೊಟ್ಟಿ, ಪುಂಡಿಪಲ್ಯ ಹಾಕಿದಳು. ಸಿರುಗುಪ್ಪಕ್ಕೆ ಹೋಗಿ ಬಳೆ ತರುತ್ತೇನೆ ಎಂದರೆ ಬೇಡ ಎಂದಳು. "ಆಕಿ ಕೇಳಿದ್ದಿಲ್ಲ. ನಾನಾಗೇ ಕೊಟ್ಟದ್ದು. ಹೋಗಿ ಆಕಿನ್ನ ಅಳಸಬ್ಯಾಡ."

ಆದರೂ ನಾನು ಅಕ್ಕನಿಗೆ ತಿಳಿಸದೆ ಹೋದೆ. ಸಿರುಗುಪ್ಪದಲ್ಲಿ ಭತ್ತದ ಗಿರಣಿಗಳ ಹಿಂದಿನ ಕೇರಿಯಲ್ಲಿ ಮನೆ. ಪಾತ್ರೆಯಕ್ಕನ ತಂಗಿ ಎಂದ ಕೂಡಲೇ ಆ ಹೆಂಗಸು ಚಾಪೆ ಹಾಸಿ, ಬಲವಂತ ಮಾಡಿ ಮಜ್ಜಿಗೆ ಕೊಟ್ಟಳು. ಆ ಓಲೆ ತನ್ನ ಅತ್ತೆಯದೆಂದೂ, ಅತ್ತೆ ಆದೋನಿ ಕಡೆಯವಳೆಂದೂ, ಅಂಗಡಿಯವರು ಅದನ್ನು ಅಷ್ಟು ಹಗುರಾಗಿ ಕಂಡದ್ದಕ್ಕೆ ತಾನು ರಾತ್ರಿಯೆಲ್ಲ ಅತ್ತಿದ್ದೆನೆಂದೂ ಹೇಳಿದಳು. ಆಮೇಲೆ ಮೊಬೈಲು ತಂದು ಮದುವೆಯ ಫೋಟೋ ತೋರಿಸಿದಳು. ಹುಡುಗಿ ತಲೆ ತಗ್ಗಿಸಿ, ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದಳು. ಹಸಿರು ಬಳೆಗಳ ನಡುವೆ ನಮ್ಮವ್ವನ ಬಳೆಗಳಿದ್ದವು.

"ಬರಿಗೈಲೆ ಕಳಸ್ತೀವಿ ಅಂದ್ಕಂಡಿದ್ವಿರಿ. ನಿಮ್ಮಕ್ಕ ದೇವರಾಗಿ ಬಂದ್ರು," ಅಂದಳು. ಓಲೆ ಮಾರಿದವೇ ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ. ಬಂದ ಕೆಲಸ ಹೇಳಲೇ ಇಲ್ಲ. ಬಸ್ ನಿಲ್ದಾಣದವರೆಗೆ ಅವಳು ಜೊತೆಗೆ ಬಂದು ಬಸ್ಸು ಹತ್ತಿಸಿದಳು.

ಹರಳುಗಳನ್ನೆಲ್ಲ ಮತ್ತೆ ಕಟ್ಟಿ ಓಲೆಗಳನ್ನು ಅಕ್ಕನಿಗೆ ವಾಪಸು ಕೊಟ್ಟೆ. ಅವಳು ಚೂರು ಬಂಗಾರದ ಬೆಲೆಗೇ ಅವನ್ನು ಕೊಟ್ಟು ಮತ್ತೆ ಪಾತ್ರೆ ತಂದಳು. ಒಂದು ವರ್ಷ ಕಳೆದ ಮೇಲೆ ನಾನು ಎರಡು ಬಳೆ ಮಾಡಿಸಿ ಒಯ್ದೆ. ಅವಳು ತೆಗೆದುಕೊಂಡು ದೇವರ ಮುಂದಿಟ್ಟಳು. ಆದರೆ ಯುಗಾದಿಗೆ ಮಗಳ ಕೈಯಲ್ಲಿ ಬೇವು ಬೆಲ್ಲದ ಜೊತೆ ಅವನ್ನೂ ನನಗೇ ವಾಪಸು ಕಳಿಸಿಬಿಟ್ಟಳು.

ಅವಳು ನನ್ನನ್ನು ಬೈಯಲಿಲ್ಲ. ಮಾತು ಬಿಡಲಿಲ್ಲ. ಬಳ್ಳಾರಿಗೆ ಬಂದಾಗಲೆಲ್ಲ ಮನೆಗೆ ಬಂದು ಚಹಾ ಕುಡಿದು, ಮೊಣಕಾಲು ನೋವಿನ ಬಗ್ಗೆ, ಮಗಳ ಬಗ್ಗೆ ಹೇಳಿ ಹೋಗುತ್ತಿದ್ದಳು. ಆದರೆ ಬಟ್ಟೆಯ ಚೀಲವನ್ನು ನನ್ನ ಮುಂದೆ ಮತ್ತೆಂದೂ ಬಿಚ್ಚಲಿಲ್ಲ. ಮೊದಲ ಕೆಲವು ಸಲ ನಾನು ಏನಾದರೂ ಬಂದಿದೆಯೇ ಎಂದು ಕೇಳಿದೆ. ಏನೂ ಇಲ್ಲ ಎಂದಳು. ಚೀಲ ಅವಳ ಸೊಂಟದಲ್ಲಿ ಉಬ್ಬಿದ್ದು ಕಾಣುತ್ತಿತ್ತು. ಆಮೇಲೆ ಕೇಳುವುದನ್ನು ಬಿಟ್ಟೆ. ಬಸ್ ನಿಲ್ದಾಣದ ಹತ್ತಿರ ಹಳೇ ಸಾಮಾನು ಕೊಳ್ಳುವವನೊಬ್ಬನಿಗೆ ತೂಕದ ಮೇಲೆ ಕೊಡುತ್ತಾಳೆಂದು ಅವಳ ಮಗಳು ಒಮ್ಮೆ ಹೇಳಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಹಳ್ಳಿಯವರು ತಾವೇ ಬಳ್ಳಾರಿಗೆ ಬಂದು ಪಾತ್ರೆ ಕೊಳ್ಳತೊಡಗಿ ಅವಳ ವ್ಯಾಪಾರ ಇನ್ನೂ ಸಣ್ಣದಾಯಿತು. ಆದರೂ ಬುಟ್ಟಿ ಬಿಡಲಿಲ್ಲ.

ಹೋದ ವರ್ಷ ಅವಳಿಗೆ ಲಕ್ವಾ ಹೊಡೆಯಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಮಾತು ಹೋಗಿತ್ತು, ಕಣ್ಣು ಇತ್ತು. ಹಗಲು ನಾನು ಕೂತಿರುತ್ತಿದ್ದೆ. ತಪ್ಪಾಯಿತು ಎಂದು ಅಷ್ಟು ವರ್ಷ ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಉತ್ತರ ಕೊಡಲಾಗದವಳ ಮುಂದೆ ಈಗ ಹೇಳುವುದು ಸರಿಯಲ್ಲ ಅನ್ನಿಸಿ, ಆಗಲೂ ಹೇಳಲಿಲ್ಲ. ಅವಳ ತುಟಿ ಒದ್ದೆ ಮಾಡುತ್ತಾ ಕೂತೆ. ಹನ್ನೆರಡನೆಯ ದಿನ ಬೆಳಿಗ್ಗೆ ತೀರಿಹೋದಳು.

ತಿಂಗಳ ಮೇಲೆ ಅವಳ ಮಗಳು ನನ್ನ ಮನೆಗೆ ಬಂದಳು. ಬಳ್ಳಾರಿಯಲ್ಲೇ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಅವಳಿಗೆ ಕೆಲಸ. ಟ್ರಂಕಿನಲ್ಲಿ ಸಿಕ್ಕಿತೆಂದು ಆ ಚೀಲವನ್ನು ತಂದಿದ್ದಳು. ಬಿಳಿ ಕಾಗದ ಹಾಸಿ ಸುರುವಿದೆ. ಮುರಿದ ಲೋಲಾಕು, ಒಂಟಿ ಓಲೆ, ಗಿಲೀಟಿನ ಪದಕ, ಬಣ್ಣ ಬಣ್ಣದ ಗಾಜು. ಅವುಗಳ ನಡುವೆ ಜಿಡ್ಡು ಹಿಡಿದು ಕಪ್ಪಾಗಿದ್ದ ಒಂದು ಮೂಗುಬಟ್ಟು. ಹಿಂಬದಿ ಬಿಚ್ಚಿ, ಸೋಪಿನ ನೀರಲ್ಲಿ ತೊಳೆದು, ಹರಳನ್ನು ಹೊರಗೆ ತೆಗೆದು ನೋಡಿದೆ. ಮೂರು ಸಲ ನೋಡಿದೆ. ಕೈಯಲ್ಲಿ ಸಾಣೆ ಹಿಡಿದ ಹಳೆಯ ಕಾಲದ ವಜ್ರ. ಒಳ್ಳೆಯ ಗಾತ್ರದ್ದು. ಅಕ್ಕ ಅದನ್ನು ಎಷ್ಟು ವರ್ಷದಿಂದ ಸೊಂಟಕ್ಕೆ ಕಟ್ಟಿಕೊಂಡು ತಿರುಗಿದ್ದಳೋ. ಇಂಥವು ಇನ್ನೆಷ್ಟು ಆ ತೂಕದವನ ಪಾಲಾದವೋ.

ಇದು ಅಸಲಿ ವಜ್ರ, ತೂಕದ ಮೇಲೆ ಯಾರಿಗೂ ಕೊಡಬೇಡ ಎಂದು ಅವಳಿಗೆ ಹೇಳಿದೆ. ಅವಳು ಹರಳನ್ನು ನೋಡಿದಳು, ನನ್ನನ್ನು ನೋಡಿದಳು. ಒಂದೊಂದಾಗಿ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡಳು.

"ಸಿಟ್ಟಾಗಬ್ಯಾಡ ಚಿಕ್ಕಮ್ಮ," ಅಂದಳು. "ಇನ್ನೊಬ್ರಿಗೆ ತೋರ್ಸಿ ನೋಡ್ತೀನಿ."

ಹಾಗೇ ಮಾಡು ಎಂದು, ಹರಳು ಪರೀಕ್ಷೆ ಮಾಡುವ ಯಂತ್ರವಿದ್ದ ಒಂದು ಅಂಗಡಿಯ ಗುರುತು ಹೇಳಿದೆ. ಪಾಳಿಗೆ ಹೊತ್ತಾಯಿತೆಂದು ಅವಳು ಚಹಾಕ್ಕೂ ನಿಲ್ಲದೆ ಹೋದಳು. ಅಂಗಡಿಯವರು ಏನು ಹೇಳಿದರೆಂದು ಅವಳು ಬಂದು ತಿಳಿಸಲಿಲ್ಲ, ನಾನೂ ಕೇಳಲಿಲ್ಲ. ದಸರೆಯ ಹೊತ್ತಿಗೆ ಅವಳು ಘಟಕದ ಕೆಲಸ ಬಿಟ್ಟು, ಸ್ವಂತಕ್ಕೆ ಎರಡು ಹೊಲಿಗೆ ಮಷೀನು ಹಾಕಿಕೊಂಡಳೆಂದು ಅವಳ ನೆರೆಮನೆಯವರಿಂದ ತಿಳಿಯಿತು.