ಮಸ್ಕಿ ಹಳ್ಳದ ದಂಡೆಯ ಕೆಂಡದ ಗಡಿಗೆ

ನಿಜಾಮರ ಕಾಲದ ಬಂಡಿ ಪ್ರಯಾಣ ಎಂದರೆ ಸಾಕು, ನನ್ನ ವಯಸ್ಸಿನವರು ಬಾಯಿ ಚಪ್ಪರಿಸುತ್ತಾರೆ. ಹಳ್ಳದ ದಂಡೆ, ಮೂರು ಕಲ್ಲಿನ ಒಲೆ, ಹಂಚಿನಿಂದ ನೇರ ಕೈಗೆ ಬೀಳುವ ಬಿಸಿ ರೊಟ್ಟಿ, ಮೇಲೆ ಪುಂಡಿಪಲ್ಯ. ತಿಂದವರೆಲ್ಲ ಬರೆಯುತ್ತಾರೆ. ರೊಟ್ಟಿ ಬಡಿದವರು ಬರೆದದ್ದನ್ನು ನಾನು ಕಂಡಿಲ್ಲ. ನಾನೂ ತಿಂದವನೇ. ಎಂಥವನಾಗಿ ತಿಂದೆ ಎಂಬುದನ್ನು ಸಾಯುವ ಮುಂಚೆ ಹೇಳಿಬಿಡುತ್ತೇನೆ.

ಆ ವರ್ಷ ಗುರುಗುಂಟಾದ ತವರಿಗೆ ಹೋಗಿದ್ದ ಅವ್ವನನ್ನು ಕರೆತರಲು ಅಪ್ಪ ಸಾಲಗುಂದದಿಂದ ಬಂಡಿ ಹೂಡಿದ. ಜೋಳದ ತೆನೆ ಹಾಲುಗಾಳಾಗಿದ್ದ ದಿನಗಳು. ಎರಡು ದಿನದ ದಾರಿ. ಅಡಿಗೆಗೆ ಈರಮ್ಮತ್ತಿ ಜೊತೆಗಿದ್ದಳು. ಅಪ್ಪನ ತಂಗಿ, ಗಂಡ ಸತ್ತ ಮೇಲೆ ನಮ್ಮ ಮನೆ ಸೇರಿದವಳು.

ದಾರಿಯ ಅಡಿಗೆಗೆ ಅತ್ತೆಯದೇ ಕಟ್ಟಳೆಗಳಿದ್ದವು. ಮೊದಲು ಮಣ್ಣು ತೂರಿ ಗಾಳಿ ನೋಡುವಳು. ಬಂಡಿಯಿಂದ ಹತ್ತು ಮಾರು ಆಚೆ, ಗಾಳಿ ಹೋಗುವ ದಿಕ್ಕಿಗೆ ಕುಣಿ ತೋಡಿ ಒಲೆ ಹೂಡುವಳು. ಅಡಿಗೆ ಮುಗಿದ ಮೇಲೆ ಒಲೆಗೆ ನೀರು ಸುರಿದು, ಅಂಗೈಯಿಂದ ಬೂದಿ ಮುಟ್ಟಿ ನೋಡುವಳು. ನೀರು ಸುರಿಯುವ ಮೊದಲೇ, ಮುಂದಿನ ತಂಗುದಾಣಕ್ಕೆಂದು ಒಂದಷ್ಟು ಸಗಣಿ ಕುಳ್ಳಿನ ಕೆಂಡವನ್ನು ತೆಗೆದು ಗಡಿಗೆಯಲ್ಲಿ ಬೂದಿ ಮುಚ್ಚಿ ಇಡುವಳು. ಬಂಡಿ ಹೊರಡುವವರೆಗೂ ಆ ಗಡಿಗೆ ಕುಣಿಯಲ್ಲೇ ಇರಬೇಕು, ಯಾರೂ ಮುಚ್ಚಳ ತೆಗೆಯಬಾರದು.

ಸಿಂಧನೂರಿನ ಶಾಲೆಯಲ್ಲಿ ನಾಲ್ಕನೇ ಜಮಾತು ಓದುತ್ತಿದ್ದ ನನಗೆ ಇದೆಲ್ಲ ಓದು ಬರದ ಹೆಂಗಸಿನ ಅಂಜುಬುರುಕುತನವಾಗಿ ಕಂಡಿತು. ಅಪ್ಪನೂ ನಗುತ್ತಿದ್ದ. "ಬೆಂಕಿ ಇವಳನ್ನ ಹುಡಿಕ್ಕೊಂಡು ಬರತೈತಂತ" ಎನ್ನುತ್ತಿದ್ದ. ಅತ್ತೆ ರೊಟ್ಟಿ ತಟ್ಟುತ್ತಲೇ, "ನಗ್ರಿ, ಹೊಟ್ಟಿ ತುಂಬಿದ್ಮ್ಯಾಲ ನಗು ಚಂದ" ಎನ್ನುತ್ತಿದ್ದಳು. ಅವಳ ಕಟ್ಟಳೆಯ ರೊಟ್ಟಿಯನ್ನೇ ತಿಂದು ಅವಳನ್ನೇ ಆಡಿಕೊಳ್ಳುವುದು ನಮ್ಮ ಮನೆಯ ಗಂಡಸರ ದೊಡ್ಡಸ್ತಿಕೆ.

ಮಸ್ಕಿ ಹಳ್ಳದ ದಂಡೆಯಲ್ಲಿ ಉಂಡು ಅಪ್ಪ ಬೇವಿನ ಮರದ ಕೆಳಗೆ ಮಲಗಿದ. ಅತ್ತೆ ಪಾತ್ರೆ ತೊಳೆಯಲು ನೀರಿಗಿಳಿದಳು. ನಾನು ಪಕ್ಕದ ಹೊಲದಿಂದ ನಾಲ್ಕು ತೆನೆ ಮುರಿದು ತಂದೆ, ಕೆಂಡದಲ್ಲಿ ಸುಟ್ಟು ಸೀತನಿ ತಿನ್ನಬೇಕೆಂದು. ಕುಣಿಯ ಹತ್ತಿರ ಬಿಸಿಲು. ಗಡಿಗೆ ಎತ್ತಿಕೊಂಡು ಬಂಡಿಯ ನೆರಳಿಗೆ ಬಂದು, ಬೂದಿ ಕೆದರಿ, ತೆನೆ ಇಟ್ಟು ಊದಿದೆ. ಎಷ್ಟು ರುಚಿಯಾಗಿದ್ದವೆಂದರೆ ಗಾಳಿ ಎದ್ದದ್ದೂ ತಿಳಿಯಲಿಲ್ಲ. ಕಿಡಿ ಬಂಡಿಯ ಮೇವಿಗೆ ಬಿತ್ತು. ಮೇವಿನಿಂದ ಬಂಡಿಯ ಮೇಲಿನ ಚಾಪೆಯ ಕಮಾನಿಗೆ ಹತ್ತಿತು. ನಾನು ಓಡಿಹೋಗಿ ಎತ್ತುಗಳ ಹಿಂದೆ ನಿಂತೆ.

ಅತ್ತೆಯೇ ಹಸಿ ಸೀರೆಯಲ್ಲಿ ಓಡಿಬಂದು ಉರಿಯುವ ಕಮಾನನ್ನು ಕಿತ್ತೆಳೆದಳು. ಅವಳ ಕೈ ಮೊಣಕೈತನಕ ಬೆಂದಿತು. ಅಪ್ಪ ಎದ್ದಾಗ ಬಂಡಿ ಅರ್ಧ ಕರಿಯಾಗಿತ್ತು, ಗಡಿಗೆ ಅದರ ಕೆಳಗೇ ಇತ್ತು.

"ಇದನ್ನ ಇಲ್ಲಿ ಇಟ್ಟಾವ್ರು ಯಾರು?" ಎಂದ.

ಅತ್ತೆ ನನ್ನ ಕಡೆ ನೋಡಿದಳು. ನನ್ನ ತುಟಿಯೆಲ್ಲ ಮಸಿ. ನಾನು ನೆಲ ನೋಡಿದೆ.

"ನಾನಽ ಅಣ್ಣಾ" ಎಂದಳು.

ಗಂಡನನ್ನು ತಿಂದವಳು, ಈಗ ನಮ್ಮನ್ನೂ ಸುಡಲು ಬಂದಳು ಎಂದ ಅಪ್ಪ. ಲಿಂಗಸುಗೂರಿನಲ್ಲಿ ಅವಳ ಮೈದುನನ ಮನೆಯ ಮುಂದೆ ಅವಳ ಗಂಟು ಇಳಿಸಿದ. ಬೇಡವೆಂದು ಒಮ್ಮೆ ಹೊರಹಾಕಿದ ಮನೆ ಅದು. ಅವಳು ಅಳಲಿಲ್ಲ. ನನ್ನ ತಲೆ ಸವರಿ ಒಳಗೆ ಹೋದಳು. ಸುಟ್ಟ ಬಂಡಿಯಲ್ಲಿ ಕೂತು ನಾನು ಗುರುಗುಂಟಾಕ್ಕೆ ಹೋಗಿ ಅಜ್ಜಿಯ ಮನೆಯಲ್ಲಿ ಹೋಳಿಗೆ ತಿಂದೆ.

ಐದು ವರ್ಷದ ಮೇಲೆ ಓದಲು ಲಿಂಗಸುಗೂರಿಗೆ ಹೋದಾಗ ಅವಳನ್ನು ಕಂಡೆ. ಮೈದುನನ ದನದ ಕೊಟ್ಟಿಗೆಯ ಪಕ್ಕದಲ್ಲಿ ಅವಳ ಒಲೆ. ಸೆಟೆದ ಕೈಯಲ್ಲೇ ರೊಟ್ಟಿ ಬಡಿದು ಹಾಕಿದಳು.

"ನಿಮ್ಮಪ್ಪಗ ಹೇಳಿದೇನು?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲತ್ತಿ."

ಹಂಚಿನ ಮೇಲಿನ ರೊಟ್ಟಿ ತಿರುವಿದಳು. ನಂತರ, "ಇನ್ನೊಂದು ಹಾಕ್ಲ್ಯಾ?" ಎಂದಳು. ಹಾಕು ಎಂದೆ.

ಈಗ ಬಂಡಿಗಳಿಲ್ಲ, ಹಳ್ಳದ ದಂಡೆಯಲ್ಲಿ ಒಲೆ ಹೂಡುವವರೂ ಇಲ್ಲ. ಅದಕ್ಕಾಗಿ ಮರುಗುವವರು ಮರುಗಲಿ. ಬಂಡಿ ಸುಟ್ಟ ಮೇಲೆ ಅಪ್ಪ ಹನ್ನೆರಡು ವರ್ಷ ಬದುಕಿದ್ದ, ಅತ್ತೆಯೂ ಬದುಕಿದ್ದಳು. ಅದರಲ್ಲಿ ಯಾವ ದಿನ ನಾನು ಬಾಯಿ ಬಿಟ್ಟಿದ್ದರೂ ಅವನು ಅವಳನ್ನು ಮನೆಗೆ ಕರೆತರುತ್ತಿದ್ದ. ಅಷ್ಟೂ ವರ್ಷ, ಊರಿಗೆ ಬಂದಾಗಲೆಲ್ಲ ಅವನ ಪಕ್ಕದಲ್ಲಿ ಕೂತು ಉಂಡು ಎದ್ದೆ.