ರೆಜಿನಾ ಬಾಯಿಯ ಹೆಸರು

ಕಾರ್ಬಾಲಿಕ್ ಸೋಪಿನ ವಾಸನೆ ಈಗ ಅಪರೂಪ. ಮೊನ್ನೆ ಮೂಡುಬಿದಿರೆಯ ಹಳೆಯ ಅಂಗಡಿಯೊಂದರಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ಅಳದಂಗಡಿಯ ನಮ್ಮ ಮನೆಯ ಜಗಲಿ, ಅಲ್ಲಿ ಕೊಡೆ ಒರಗಿಸಿಟ್ಟು ಕೂರುತ್ತಿದ್ದ ರೆಜಿನಾ ಬಾಯಿ, ಎಲ್ಲ ಕಣ್ಣೆದುರು ಬಂದವು. ಆ ಮನೆ ಪಾಲಾಗಿ, ಕೆಡವಿ, ಎಷ್ಟೋ ವರ್ಷವಾಯಿತು. ಬಾಯಿ ಊರಿನ ಅರ್ಧದಷ್ಟು ಮಕ್ಕಳ ಹೆರಿಗೆ ಮಾಡಿಸಿದ ಕ್ರಿಶ್ಚಿಯನ್ ನರ್ಸ್. ಅವರಿಗೆ ಮದುವೆಯಾಗಿರಲಿಲ್ಲ. ನಾನು ಕಾಲು ಮುಂದಾಗಿ ಹುಟ್ಟಿದವಳಂತೆ. ಅಮ್ಮನೂ ನಾನೂ ಉಳಿದದ್ದು ಅವರ ಕೈಗುಣದಿಂದ. "ಇವಳಿಗೆ ನಿಮ್ಮ ಹೆಸರೇ ಇಡ್ತೇನೆ" ಎಂದು ಅಮ್ಮ ಮಲಗಿದಲ್ಲಿಂದಲೇ ಹೇಳಿಬಿಟ್ಟಳು. ಅಜ್ಜ ಮೂರು ದಿನ ಮಾತು ಬಿಟ್ಟರು. ಅಮ್ಮ ಜಗ್ಗಲಿಲ್ಲ. ಹಾಗೆ, ದೈವದ ಕೋಣೆ ಇರುವ ಮನೆಯಲ್ಲಿ ನಾನು ರೆಜಿನಾ ಆದೆ.

ಪ್ರತಿ ವರ್ಷ ನಾನು ಹುಟ್ಟಿದ ದಿನ ಬಾಯಿ ತಪ್ಪದೆ ಬರುತ್ತಿದ್ದರು. ನನ್ನ ಗಲ್ಲ ಹಿಡಿದು, "ನನ್ನ ಹೆಸರು ಹೇಗುಂಟು? ಜಾಗ್ರತೆ ಮಾಡಿದ್ದೀಯಲ್ಲ?" ಎಂದು ಕೇಳುತ್ತಿದ್ದರು. ನಾನು ಗತ್ತಿನಿಂದ ತಲೆಯಾಡಿಸುತ್ತಿದ್ದೆ. ಶಾಲೆಗೆ ಹೋದ ಮೇಲೆ ಆ ಗತ್ತು ಇಳಿಯಿತು. "ಆದಿತ್ಯವಾರ ಇಗರ್ಜಿಗೆ ಹೋಗ್ಲಿಕ್ಕಿಲ್ವಾ?" ಎಂದು ಹುಡುಗಿಯರು ದಿನಾ ಕಾಡಿಸುವವರು. ಮೂರನೇ ಕ್ಲಾಸಿನಲ್ಲಿ ನಾನು ಶಾಲೆಗೇ ಹೋಗುವುದಿಲ್ಲವೆಂದು ಹಟ ಹಿಡಿದು ಕೂತೆ. ಅಪ್ಪ ಸೋತು, ಹೆಡ್ ಮಾಸ್ಟ್ರಿಗೆ ಅರ್ಜಿ ಕೊಟ್ಟು, ಪೊಳಲಿ ಅಮ್ಮನವರ ಹೆಸರು ಬರೆಸಿದರು. ನಾನು ರಾಜೇಶ್ವರಿಯಾದೆ.

ಆ ವರ್ಷವೂ ಬಾಯಿ ಬಂದರು. ಎಂದಿನಂತೆ ಗಲ್ಲ ಹಿಡಿದು ಕೇಳಿದರು. "ಅದು ಈಗ ಇಲ್ಲ. ನಾನು ರಾಜೇಶ್ವರಿ" ಎಂದುಬಿಟ್ಟೆ, ನನ್ನ ಕರ್ಮ! ಅಮ್ಮ ಒಳಗಿನಿಂದ ಓಡಿ ಬರುವಷ್ಟರಲ್ಲಿ ಮಾತು ಮುಗಿದಿತ್ತು. ಬಾಯಿಯ ಕೈ ಸ್ವಲ್ಪ ಹೊತ್ತು ಗಲ್ಲದ ಮೇಲೇ ಇತ್ತು. ಆಮೇಲೆ ನಕ್ಕರು.

"ಅದಕ್ಕೇನು ಮಗಾ? ನಮ್ಮ ಇಗರ್ಜಿಯ ಲ್ಯಾಟಿನ್‌ನಲ್ಲಿ ರೆಜಿನಾ ಅಂದ್ರೆ ರಾಣಿ. ರಾಜೇಶ್ವರಿಯೂ ರಾಣಿಯೇ ಅಲ್ವಾ? ಎಲ್ಲ ಒಂದೇ ಮಾರಾಯ್ತಿ."

ಕಾಫಿ ಕುಡಿದು ಎದ್ದರು. "ಬರ್ತೇನೆ ರಾಜೇಶ್ವರಿ" ಎಂದರು. ಮನೆಯಲ್ಲಿ ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ.

ಮುಂದೆಯೂ ಅವರು ವರ್ಷ ವರ್ಷ ಬಂದರು, ಆ ಪ್ರಶ್ನೆಯನ್ನು ಮಾತ್ರ ಮತ್ತೆ ಕೇಳಲಿಲ್ಲ. ಕೇಳಲಿ ಎಂದು ನಾನು ಕಾದದ್ದುಂಟು. ಅವರನ್ನು ಮಣ್ಣು ಮಾಡಿದ ದಿನ ಇಗರ್ಜಿಯ ಅಂಗಳದಲ್ಲಿ ಅವರ ತಮ್ಮನ ಮಗಳು ನನ್ನ ಬಳಿ ಬಂದು, "ನೀವು ನಮ್ಮ ಆಂಟಿಗೆ ಏನಾಗಬೇಕು?" ಎಂದು ಕೇಳಿದಳು. ಅವರ ಹೆಸರಿನವಳು ಎಂದು ಹೇಳುವ ಹಕ್ಕನ್ನು ನಾನು ಎಂಟನೇ ವಯಸ್ಸಿನಲ್ಲೇ ಕಳೆದುಕೊಂಡಿದ್ದೆ.

"ಗುರ್ತದವರು" ಎಂದೆ.