ಬಣ್ಣದ ಮಾವ ಕಾಯ್ದ ಫಲಿತಾಂಶ

ನನ್ನ ಸೋದರಮಾವನನ್ನು ಮನೆಯಲ್ಲಿ ಎಲ್ಲರೂ ಬಣ್ಣದ ಮಾವ ಎನ್ನುತ್ತಿದ್ದರು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ, ತೊಟ್ಟಿಗಳ ಪಕ್ಕದಲ್ಲೇ ಮೂವತ್ತೊಂದು ವರ್ಷ ದುಡಿದವರು. ಎಷ್ಟು ಸೋಪು ಹಾಕಿ ಉಜ್ಜಿದರೂ ಉಗುರಿನ ಸಂದಿಯ ನೀಲಿ ಹೋಗುತ್ತಿರಲಿಲ್ಲ. ಅಲ್ಲಿ ಕೆಲಸದವರ ಮೂತ್ರಕ್ಕೂ ಆಗಾಗ ಬಣ್ಣ ಬರುತ್ತಿತ್ತಂತೆ. ಕೆಂಪಗೆ ಹೋದವನನ್ನು, ಇವತ್ತು ಕೆಂಪು ತೊಟ್ಟಿಯಲ್ಲಿ ಈಜಿದೆಯೇನೋ ಎಂದು ಉಳಿದವರು ರೇಗಿಸುತ್ತಿದ್ದರು. ಡಾಕ್ಟರ ಹತ್ತಿರ ಹೋಗುವಂಥ ವಿಷಯ ಅದಾಗಿರಲಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಕೆಲಸ ಸಿಕ್ಕಿದ್ದು ಮೂತ್ರಕೋಶದ ಕ್ಯಾನ್ಸರ್ ಬಗ್ಗೆ ಸಂಶೋಧನೆ ನಡೆಸುವ ಲ್ಯಾಬಿನಲ್ಲಿ. ನಮ್ಮ ಜೀವಕೋಶಗಳಲ್ಲಿ ಪ್ರೋಟೀನು ತಯಾರಿಸದ ಆರ್‌ಎನ್‌ಎ ತುಣುಕುಗಳಿರುತ್ತವೆ. ಹಿಂದೆ ಅವನ್ನು ಕೆಲಸಕ್ಕೆ ಬಾರದವು ಎಂದುಕೊಂಡಿದ್ದರು. ಕ್ಯಾನ್ಸರ್ ಶುರುವಾದಾಗ ಅವುಗಳಲ್ಲಿ ಕೆಲವು ಮೂತ್ರದಲ್ಲಿ ಹೆಚ್ಚುತ್ತವೆ, ಕೆಲವು ಕಡಿಮೆಯಾಗುತ್ತವೆ. ಆ ಏರುಪೇರು ನೋಡಿ ರೋಗ ಹಿಡಿಯಬಹುದೇ ಎಂಬುದು ನಮ್ಮ ಹುಡುಕಾಟ. ಹೋಲಿಸಿ ನೋಡಲು ಆರೋಗ್ಯವಂತರ ಮಾದರಿಗಳೂ ಬೇಕಿದ್ದವು. ಮಾವನನ್ನೇ ಕರೆದೆ.

ಇದನ್ನೆಲ್ಲ ಹೆಮ್ಮೆಯಿಂದ ವಿವರಿಸಿದಾಗ ಅವರು ಕೇಳಿದ್ದು ಒಂದೇ.

“ಅಂದ್ರೆ ಆ ಜಾಗಕ್ಕೆ ಪೈಪು ತೂರಿಸಿ ನೋಡೋದು ತಪ್ಪುತ್ತಾ?”

ಜೊತೆಯ ಕೆಲಸಗಾರನೊಬ್ಬನಿಗೆ ಹಾಗೆ ನೋಡಿದ ಕಥೆ ಕೇಳಿ ಅವರು ಹೆದರಿದ್ದರು.

“ಮುಂದೊಂದಿನ ತಪ್ಪಬಹುದು ಮಾವ,” ಎಂದೆ.

ಅವರು ಮೂತ್ರ ಕೊಟ್ಟ ಡಬ್ಬಿಯ ಮೇಲೆ ಹೆಸರಿರಲಿಲ್ಲ, ನಂಬರು ಮಾತ್ರ. ಪರೀಕ್ಷೆ ಇನ್ನೂ ಸಾಬೀತಾಗದ್ದರಿಂದ ಯಾರಿಗೂ ಫಲಿತಾಂಶ ತಿಳಿಸುವುದಿಲ್ಲ ಎಂದು ಅವರು ಸಹಿ ಮಾಡಿದ ಕಾಗದದಲ್ಲಿತ್ತು. ಅದನ್ನು ಓದಿ ಹೇಳಬೇಕಾದವಳು ನಾನು. ಮನೆಯವರೇ ಅಲ್ಲವೇ ಎಂದು, ಓದದೆ ಸಹಿ ಹಾಕುವ ಜಾಗವನ್ನಷ್ಟೇ ತೋರಿಸಿದೆ.

ಎಂಟು ತಿಂಗಳ ನಂತರ ಅತ್ತೆ ಫೋನಿನಲ್ಲಿ ಅದೂ ಇದೂ ಮಾತಾಡುತ್ತ, ಮಾವನಿಗೆ ಮತ್ತೆ ಕೆಂಪಗೆ ಹೋಗುತ್ತಿದೆ, ಹಾಳು ಬಣ್ಣ ಮೈಯಿಂದ ಇಳಿಯುತ್ತಲೇ ಇಲ್ಲ ಎಂದು ಬೈದರು. ಮಾವ ತೊಟ್ಟಿಯ ಹತ್ತಿರ ಹೋಗದೆ ಎರಡು ವರ್ಷವಾಗಿತ್ತು. ಬಟ್ಟೆ ಮಡಚುವ ಕೋಣೆಗೆ ಹಾಕಿದ್ದರು. ಅದು ಬಣ್ಣವಲ್ಲ, ರಕ್ತ ಎಂದು ನನಗೆ ಹೊಳೆಯಿತು. ಮರುದಿನವೇ ಆಸ್ಪತ್ರೆಗೆ ಕರೆದೊಯ್ದೆ. ಪೈಪು ಹಾಕಿಯೇ ನೋಡಿದರು. ಗಡ್ಡೆ ಸ್ನಾಯುವಿನೊಳಗೆ ಇಳಿದಿತ್ತು. ಮೂತ್ರಕೋಶವನ್ನೇ ತೆಗೆಯಬೇಕು, ಮೂತ್ರ ಸೇರಲು ಹೊಟ್ಟೆಗೆ ಚೀಲ ಕೂರಿಸಬೇಕು ಎಂದರು.

ಮೊದಲೇ ಬರಬಾರದಿತ್ತೇ ಎಂದು ಅತ್ತೆ ಗೋಳಾಡಿದರು. ಮಾವ ಗೋಡೆ ನೋಡುತ್ತ ಹೇಳಿದರು:

“ಇವಳು ಫೋನ್ ಮಾಡ್ತಾಳೆ ಅಂತ ಕಾಯ್ತಿದ್ದೆ. ಮಾಡ್ಲಿಲ್ಲ. ಏನೂ ಇಲ್ಲ ಅಂದ್ಕೊಂಡೆ.”

ಲ್ಯಾಬಿನಲ್ಲಿ ಆ ಡಬ್ಬಿಯನ್ನು ಯಾರೂ ಮುಟ್ಟಿಯೇ ಇರಲಿಲ್ಲ. ನೂರು ಮಾದರಿ ಸೇರಿದ ಮೇಲೆ ಒಟ್ಟಿಗೆ ಪರೀಕ್ಷಿಸುವುದು ನಮ್ಮ ಪದ್ಧತಿ. ಅದಿನ್ನೂ ಫ್ರೀಜರಿನಲ್ಲಿ ಕೂತಿತ್ತು. ವಿಷಯ ತಿಳಿಸಿದಾಗ ಲ್ಯಾಬಿನ ಮುಖ್ಯಸ್ಥೆ, ನಮ್ಮ ಮೇಡಂ, ಅಯ್ಯೋ ಪಾಪ ಎಂದರು. ರೋಗ ಗೊತ್ತಾಗುವ ಮೊದಲೇ ತೆಗೆದ ಮಾದರಿ ಸಿಗುವುದೇ ಅಪರೂಪ, ಜೋಪಾನವಾಗಿಡು ಎಂದೂ ಸೇರಿಸಿದರು. ಆರೋಗ್ಯವಂತರ ಪಟ್ಟಿಯಿಂದ ಆ ನಂಬರನ್ನು ಹೊಡೆದು ರೋಗಿಗಳ ಪಟ್ಟಿಗೆ ನಾನೇ ಬರೆದೆ.

ಈಗ ಅವರ ಮನೆಗೆ ಹೋದರೆ ಅತ್ತೆ ಕೂರು ಎನ್ನುತ್ತಾರೆ. ಮಾವ ಅಂಗಿಯ ಕೆಳಗಿನ ಚೀಲ ಕಾಣದಂತೆ ಸರಿಪಡಿಸಿಕೊಂಡು ಒಳಕ್ಕೆ ಎದ್ದು ಹೋಗುತ್ತಾರೆ.